ಏಪ್ರಿಲ್‌ನಲ್ಲಿ ಕಲ್ಪನೆ, ಜನವರಿಯಲ್ಲಿ ಪುರಾವೆ

ಕನ್ನಡ ಸಾಹಿತ್ಯ ಚರಿತ್ರೆ ಬರೆದ ಮಹನೀಯರು ಒಂದು ಪ್ರಕಾರವನ್ನು ಗಮನಿಸಲೇ ಇಲ್ಲ. ಸಂಬಳದಾರರು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರೆದು ಅಕೌಂಟ್ಸ್ ಸೆಕ್ಷನ್ನಿಗೆ ಕೊಡುವ ಹೂಡಿಕೆ ಘೋಷಣೆ ಅದು. ಇರುವುದು ಒಂದೇ ಹಾಳೆ. ಈ ವರ್ಷ ಎಷ್ಟು ಉಳಿತಾಯ ಮಾಡುತ್ತೀರಿ, ಎಲ್‌ಐಸಿಗೆ ಎಷ್ಟು ಕಟ್ಟುತ್ತೀರಿ, ಮನೆ ಬಾಡಿಗೆ ಎಷ್ಟು, ತಂದೆ ತಾಯಿಯ ಆರೋಗ್ಯ ವಿಮೆಗೆ ಎಷ್ಟು ಎಂದು ಕೇಳಿರುತ್ತಾರೆ. ಎಲ್ಲವೂ ಭವಿಷ್ಯತ್ ಕಾಲ. ಭವಿಷ್ಯತ್ ಕಾಲದಲ್ಲಿ ಬಡವನಾಗಿರುವ ಮನುಷ್ಯನನ್ನು ನಾನಿನ್ನೂ ನೋಡಿಲ್ಲ. ತಿಂಗಳ ಇಪ್ಪತ್ತನೇ ತಾರೀಖಿಗೆ ಪೆಟ್ರೋಲಿಗೆಂದು ಕೈಸಾಲ ಕೇಳುವ ನಮ್ಮ ಕಾಲೇಜಿನ ಭೂಗೋಳದ ಮೇಷ್ಟ್ರೂ ಉಳಿತಾಯದ 80ಸಿ ಕಾಲಂನಲ್ಲಿ 1,50,000 ಎಂದು ದುಂಡಗೆ ಬರೆದು, ಕೆಳಗೆ ಗೆರೆ ಎಳೆದು, ಸಹಿ ಹಾಕುತ್ತಾರೆ. ಆ ಸಹಿಗೊಂದು ಗಾಂಭೀರ್ಯ ಇರುತ್ತದೆ. ರಜೆ ಚೀಟಿಗೆ ಹಾಕುವ ಸಹಿಯಲ್ಲಿ ಅದು ಕಾಣುವುದಿಲ್ಲ.

ಏಪ್ರಿಲ್‌ನಲ್ಲಿ ನಾವೆಲ್ಲ ನವೋದಯದವರು. ಲೋಕ ಸುಂದರ, ಮನುಷ್ಯ ಒಳ್ಳೆಯವನು, ಪಿಪಿಎಫ್ ಖಾತೆ ತುಂಬಿ ತುಳುಕಲಿದೆ. ಜನವರಿಯಲ್ಲಿ ‘ಪುರಾವೆ ಸಲ್ಲಿಸತಕ್ಕದ್ದು’ ಎಂಬ ಸುತ್ತೋಲೆ ಬಂದ ದಿನ ನವ್ಯರಾಗುತ್ತೇವೆ. ಒಂಟಿತನ, ಅಸ್ತಿತ್ವದ ಪ್ರಶ್ನೆ, ಖಾಲಿ ಪಾಸ್‌ಬುಕ್ಕು. ಫೆಬ್ರವರಿ ಸಂಬಳ ಜಮೆಯಾದ ಮೆಸೇಜು ನೋಡಿದ ಕೂಡಲೇ ಬಂಡಾಯ. ಸಾಹಿತ್ಯಕ್ಕೆ ದಶಕಗಳು ಹಿಡಿದ ದಾರಿಯನ್ನು ಸಂಬಳದಾರ ವರ್ಷದೊಳಗೇ ಮುಗಿಸುತ್ತಾನೆ, ಅದೂ ಪ್ರತಿ ವರ್ಷ.

ಕಾನೂನು ಮಾಡಿದವರಿಗೆ ಇದರಲ್ಲಿ ತಮಾಷೆ ಮಾಡುವ ಉದ್ದೇಶವೇನೂ ಇರಲಿಲ್ಲ. ಸಂಬಳ ಕೊಡುವವರು ನೌಕರನ ಇಡೀ ವರ್ಷದ ಆದಾಯ ಅಂದಾಜು ಮಾಡಿ, ಅದಕ್ಕೆ ಬರುವ ತೆರಿಗೆಯನ್ನು ತಿಂಗಳು ತಿಂಗಳು ಸಂಬಳದಲ್ಲೇ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. 1961ರ ಕಾಯಿದೆಯ 192ನೇ ಸೆಕ್ಷನ್ ಹೇಳಿದ್ದು ಇಷ್ಟು. ನಾವು ಟಿಡಿಎಸ್ ಅನ್ನುವುದು ಇದಕ್ಕೇ. ವ್ಯಾಪಾರಿ ದುಡ್ಡಿನ ಮುಖ ನೋಡಿದ ಮೇಲೆ ತೆರಿಗೆ ಕಟ್ಟುತ್ತಾನೆ. ನಾವು ನೋಡುವ ಮೊದಲೇ ಕಟ್ಟಿ ಮುಗಿಸಿರುತ್ತೇವೆ. ಕಣ್ಣಿಗೇ ಬೀಳದ ದುಡ್ಡಿಗಾಗಿ ಅಳುವುದು ಕಷ್ಟ. ಈ ಏರ್ಪಾಟಿನ ಜಾಣತನವೆಲ್ಲ ಅಲ್ಲೇ ಇದೆ.

ನಮ್ಮ ಕಾಲೇಜಿನಲ್ಲಿ ಮಾತ್ರ ಈ ಸೆಕ್ಷನ್ನು ತರಕಾರಿ ಮಾರ್ಕೆಟ್ಟಿನ ಚೌಕಾಸಿಗೆ ಇಳಿದಿದೆ. ಅಕೌಂಟ್ಸ್ ಸೆಕ್ಷನ್ನಿನ ಎಫ್‌ಡಿಎ ಮೇಡಂ ಮೇಜಿನ ಮುಂದೆ ಪ್ರತಿ ಮೇ ತಿಂಗಳಲ್ಲಿ ನಡೆಯುವ ಸಂಭಾಷಣೆ ಹೀಗಿರುತ್ತದೆ:

“ಮೇಡಂ, ನನಗೆ ತಿಂಗಳಿಗೆ ಎರಡು ಸಾವಿರ ಹಿಡೀರಿ, ಸಾಕು. ಮಗಳ ಫೀಸ್ ಕಟ್ಟೋದಿದೆ.”

“ಸರ್, ಲೆಕ್ಕದ ಪ್ರಕಾರ ಎಂಟು ಬರುತ್ತೆ.”

“ಲೆಕ್ಕ ಎಲ್ಲಿಗೆ ಓಡಿಹೋಗುತ್ತೆ? ಮಾರ್ಚ್‌ನಲ್ಲಿ ನೋಡಿಕೊಳ್ಳೋಣ.”

“ಮಾರ್ಚ್‌ನಲ್ಲಿ ನೀವು ನನ್ನ ಮುಖವನ್ನೇ ನೋಡಲ್ಲ ಸರ್.”

ಇದು ಚಾರ್ವಾಕ ಪಂಥ. ಎದುರಿಗೆ ಇನ್ನೊಂದು ಪಂಥವಿದೆ. ಅದರ ಗುರುಗಳು ನಮ್ಮ ರಸಾಯನಶಾಸ್ತ್ರದ ಮೇಷ್ಟ್ರು. “ಎಷ್ಟು ಬೇಕಾದರೂ ಹಿಡೀರಿ ಮೇಡಂ. ಸರ್ಕಾರದ ಹತ್ತಿರ ಇದ್ದರೆ ನನ್ನ ಭಾವಮೈದುನನ ಕೈಗೆ ಸಿಗಲ್ಲ” ಎನ್ನುವುದು ಅವರ ಉಪದೇಶ. ಹೆಚ್ಚಿಗೆ ಹಿಡಿಸಿಕೊಂಡಿದ್ದು ಮುಂದಿನ ವರ್ಷ ರಿಫಂಡ್ ಆಗಿ ಬರುವಾಗ ಅವರು ಕಾರಿಡಾರಿನಲ್ಲಿ ಎಲ್ಲರಿಗೂ ಬರ್ಫಿ ಹಂಚುತ್ತಾರೆ. ತಮ್ಮದೇ ದುಡ್ಡು ತಮಗೇ ವಾಪಸು ಬಂದದ್ದಕ್ಕೆ ಸಿಹಿ ಹಂಚುವ ಸಮುದಾಯ ಬೇರೆ ಯಾವುದಿದೆಯೋ ನಾನರಿಯೆ. ರಿಫಂಡಿನ ಮೇಲೆ ಸರ್ಕಾರ ತಿಂಗಳಿಗೆ ಶೇ 0.5ರ ಬಡ್ಡಿಯನ್ನೂ ಕೊಡುತ್ತದೆ ಎಂಬುದು ಅವರ ಹೆಮ್ಮೆ. ಆ ಬಡ್ಡಿಗೂ ಮುಂದಿನ ವರ್ಷ ತೆರಿಗೆ ಬೀಳುತ್ತದೆ ಎಂಬುದನ್ನು ಬರ್ಫಿ ಬಾಯಲ್ಲಿರುವಾಗ ಹೇಳಬಾರದೆಂದು ಸುಮ್ಮನಿದ್ದೇನೆ.

ಜನವರಿಯ ವಿಷಯಕ್ಕೆ ಬರೋಣ. ಆ ತಿಂಗಳು ಜೆರಾಕ್ಸ್ ಅಂಗಡಿಯವನಿಗೆ ದೀಪಾವಳಿ. ಎಲ್‌ಐಸಿ ರಸೀದಿ, ಮಕ್ಕಳ ಶಾಲೆಯ ಫೀಸು, ಗೃಹಸಾಲದ ಸರ್ಟಿಫಿಕೇಟು, ಎಲ್ಲವೂ ಎರಡೆರಡು ಪ್ರತಿ. ಇಡೀ ವರ್ಷ ಫೋನ್ ಮಾಡಿದರೆ ನಾವು ಕಟ್ ಮಾಡುತ್ತಿದ್ದ ವಿಮಾ ಏಜೆಂಟರನ್ನು ನಾವೇ ಹುಡುಕಿಕೊಂಡು ಹೋಗುವುದೂ ಆಗಲೇ. ಅವರೂ ಅದನ್ನು ಬಲ್ಲರು. ಕಾಫಿ ಕೊಟ್ಟರೂ ಬೇಡವೆನ್ನುವಷ್ಟು ಬಿಗುಮಾನ ಬಂದಿರುತ್ತದೆ. ಬಾಡಿಗೆ ರಸೀದಿಯದು ಇನ್ನೊಂದು ಪಾಡು. ವರ್ಷಕ್ಕೆ ಒಂದು ಲಕ್ಷ ದಾಟಿದ ಬಾಡಿಗೆಗೆ ಮನೆ ಮಾಲೀಕರ ಪ್ಯಾನ್ ಕೊಡಬೇಕು. ನಮ್ಮ ಇಂಗ್ಲಿಷ್ ಮೇಡಂ ಕೇಳಿದ್ದಕ್ಕೆ ಅವರ ಮಾಲೀಕರು, “ಪ್ಯಾನ್ ನಂಬರ್ ಬೇಕು ಅಂದರೆ ತಿಂಗಳಿಗೆ ಎರಡು ಸಾವಿರ ಜಾಸ್ತಿ ಆಗುತ್ತಮ್ಮ” ಎಂದರಂತೆ, ನೀರಿನ ಟ್ಯಾಂಕರಿನ ದರ ಹೇಳಿದಷ್ಟು ಸಹಜವಾಗಿ.

ನನಗೆ ಆ ಕಷ್ಟವಿರಲಿಲ್ಲ. ನಾನಿರುವುದು ಅಪ್ಪ ಕಟ್ಟಿಸಿದ ಮನೆಯಲ್ಲಿ. ಬ್ಯಾಂಕ್ ಮೂಲಕ ನಿಜವಾಗಿಯೂ ಬಾಡಿಗೆ ಕೊಟ್ಟು, ಅಪ್ಪ ಅದನ್ನು ತಮ್ಮ ಆದಾಯವೆಂದು ತೋರಿಸಿಕೊಂಡರೆ ಎಚ್‌ಆರ್‌ಎ ಎಂಬ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಕೇಳಲು ಅಡ್ಡಿಯಿಲ್ಲ. ಕಾನೂನು ಒಪ್ಪಿತು, ಅಪ್ಪ ಒಪ್ಪಲಿಲ್ಲ. “ಮಗನ ಹತ್ತಿರ ಬಾಡಿಗೆ ಈಸಿಕೊಳ್ಳೋ ಕಾಲ ಬಂತೇನೋ” ಎಂದು ಊಟ ಬಿಟ್ಟು ಎದ್ದರು. ಅಮ್ಮ ಮಧ್ಯೆ ಬಂದು, ಇದು ಬಾಡಿಗೆಯಲ್ಲ, ಸರ್ಕಾರಕ್ಕೆ ತೋರಿಸುವ ಲೆಕ್ಕ ಎಂದು ಸಮಾಧಾನ ಹೇಳಿದಳು. ಹಾಗಲ್ಲಮ್ಮ, ನಿಜವಾಗಿಯೂ ಕೊಡಬೇಕು, ಇಲ್ಲದಿದ್ದರೆ ಅದು ಸುಳ್ಳು ಲೆಕ್ಕವಾಗುತ್ತದೆ ಎಂದೆ. ಮೊದಲನೇ ತಿಂಗಳ ಬಾಡಿಗೆ ಖಾತೆಗೆ ಬಿತ್ತು.

ಮಾರನೇ ದಿನದಿಂದ ಅಪ್ಪ ಕಾಣಲಿಲ್ಲ. ಅವರ ಕುರ್ಚಿಯಲ್ಲಿ ಮನೆ ಮಾಲೀಕರು ಕೂತಿದ್ದರು. ಬಚ್ಚಲಿನ ದೀಪ ಆರಿಸದಿದ್ದರೆ “ಕರೆಂಟ್ ಬಿಲ್ಲು ಬಾಡಿಗೆಯಲ್ಲಿ ಸೇರಿಲ್ಲ” ಎನ್ನುವರು. ಕ್ಯಾಲೆಂಡರ್ ನೇತುಹಾಕಲು ಸುತ್ತಿಗೆ ಹಿಡಿದರೆ “ಮೊಳೆ ಹೊಡೆಯೋಕೆ ಮುಂಚೆ ಮಾಲೀಕರನ್ನ ಕೇಳೋದು ಪದ್ಧತಿ” ಎನ್ನುವರು. ರಾತ್ರಿ ಹತ್ತರ ಮೇಲೆ ಗೇಟು ತೆಗೆಯುವ ಪ್ರಶ್ನೆಯೂ ಬಂತು. ವರ್ಷ ತುಂಬುತ್ತಲೇ, ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ತೆಗೆದುಕೊಳ್ಳುತ್ತಾರಂತಲ್ಲ ಎಂದು ಪೇಪರ್ ಮಡಿಸುತ್ತಾ ಯಾರಿಗೋ ಹೇಳಿದಂತೆ ಹೇಳಿದರು. ತೆರಿಗೆ ಹೆಚ್ಚಾಯಿತು ಎಂದು ನಾನು ಗೊಣಗಿದರೆ ಅವರ ಬಳಿ ಬ್ರಹ್ಮಾಸ್ತ್ರ ಸಿದ್ಧ: “1973-74ರಲ್ಲಿ ಮೇಲಿನ ಹಂತಕ್ಕೆ ಸರ್‌ಚಾರ್ಜ್ ಸೇರಿ ಶೇಕಡಾ 97.75 ಇತ್ತು. ನಾವು ಬದುಕಲಿಲ್ವ?” ಅಂಕಿ ಸರಿಯಾದದ್ದೇ. ಆಗ ಅವರ ಸಂಬಳ ತೆರಿಗೆಯ ಕೆಳಗಿನ ಹಂತವನ್ನೂ ಮುಟ್ಟಿರಲಿಲ್ಲ ಎಂಬುದು ಅಮ್ಮ ಅಡುಗೆಮನೆಯಿಂದ ಒದಗಿಸಿದ ಪೂರಕ ಮಾಹಿತಿ.

ಇಷ್ಟೆಲ್ಲ ಮಾಡಿದರೂ ಬೆಂಗಳೂರಿನವರ ಎಚ್‌ಆರ್‌ಎಗೆ ಒಂದು ಅವಮಾನ ಅಂಟಿಕೊಂಡೇ ಬಂದಿತ್ತು. ದೆಹಲಿ, ಮುಂಬಯಿ, ಕೋಲ್ಕತ್ತ, ಚೆನ್ನೈ ಮಾತ್ರ ಮಹಾನಗರಗಳಾಗಿದ್ದವು. ಅಲ್ಲಿ ವಿನಾಯಿತಿಯ ಮಿತಿ ಮೂಲ ಸಂಬಳದ ಶೇ 50, ಉಳಿದೆಡೆ ಶೇ 40. ದಶಕಗಳ ಕಾಲ ಆ ಉಳಿದೆಡೆಯಲ್ಲಿ ಬೆಂಗಳೂರೂ ಸೇರಿತ್ತು. ಮೆಟ್ರೋ ಬಂತು, ವಿಮಾನ ನಿಲ್ದಾಣ ಬಂತು, ಸಿಲ್ಕ್ ಬೋರ್ಡಿನ ಟ್ರಾಫಿಕ್ಕು ಜಗತ್ಪ್ರಸಿದ್ಧವಾಯಿತು. ಆದಾಯ ತೆರಿಗೆಯ ನಿಯಮದ ಕಣ್ಣಿಗೆ ಮಾತ್ರ ಬೆಂಗಳೂರೂ ಒಂದೇ, ಬಾಗೇಪಲ್ಲಿಯೂ ಒಂದೇ ಆಗಿತ್ತು. ಬಾಗೇಪಲ್ಲಿಯವರಿಗೆ ಇದರಲ್ಲಿ ಬೇಸರವೇನೂ ಇರಲಿಕ್ಕಿಲ್ಲ.

ಪುರಾವೆ ಕೊಟ್ಟವರು ಕೊಟ್ಟರು, ಕೊಡಲಾಗದವರ ಬಾಕಿ ತೆರಿಗೆಯಷ್ಟೂ ಫೆಬ್ರವರಿ ಮಾರ್ಚ್ ಸಂಬಳದ ಮೇಲೆ ಬೀಳುತ್ತದೆ. ಭೂಗೋಳದ ಮೇಷ್ಟ್ರ ಮಾರ್ಚ್ ಸಂಬಳದ ಚೀಟಿಯಲ್ಲಿ ಉಳಿದಿದ್ದ ಮೊತ್ತ ನೋಡಿ, ಇದು ಸಂಬಳವೋ ಅದರ ಬಡ್ಡಿಯೋ ಎಂದು ಸ್ಟಾಫ್‌ರೂಮಿನಲ್ಲಿ ಚರ್ಚೆಯಾಗಿತ್ತು. ಗಾಯದ ಮೇಲೆ ಉಪ್ಪಿನಂತೆ ವೃತ್ತಿ ತೆರಿಗೆ ಬೇರೆ. ತಿಂಗಳಿಗೆ 200 ರೂಪಾಯಿ ಇದ್ದದ್ದು 2025ರಿಂದ ಫೆಬ್ರವರಿಯಲ್ಲಿ ಮಾತ್ರ 300. ಸಂವಿಧಾನ ವರ್ಷಕ್ಕೆ 2,500ರ ಮಿತಿ ಹಾಕಿದೆಯಂತೆ, ಅಲ್ಲಿಯವರೆಗೆ ಒಂದು ರೂಪಾಯಿಯೂ ಬಿಡಬಾರದೆಂದು ನಮ್ಮ ರಾಜ್ಯ ಸರ್ಕಾರ ಆ ನೂರನ್ನು ಸೇರಿಸಿತು. ಇರುವುದರಲ್ಲೇ ಚಿಕ್ಕ ತಿಂಗಳನ್ನು ಆರಿಸಿಕೊಂಡದ್ದು ಯಾರ ಬುದ್ಧಿಯೋ.

ಹಿಡಿದ ತೆರಿಗೆಯ ಲೆಕ್ಕವಿರುವ ಫಾರಂ 16 ಜೂನ್‌ನಲ್ಲಿ ಕೈಗೆ ಬರುತ್ತದೆ, ರಿಟರ್ನ್ ಸಲ್ಲಿಸಲು ಜುಲೈ 31 ಗಡುವು. ಮಧ್ಯೆ ಜುಲೈ 24 ಆದಾಯ ತೆರಿಗೆ ದಿನ. 1860ರ ಆ ದಿನ ಭಾರತದಲ್ಲಿ ಈ ತೆರಿಗೆ ಶುರುವಾಯಿತು. ತಂದವನು ಜೇಮ್ಸ್ ವಿಲ್ಸನ್ ಎಂಬ ಸ್ಕಾಟ್ಲೆಂಡಿನವನು. ‘ದಿ ಎಕಾನಮಿಸ್ಟ್’ ಪತ್ರಿಕೆ ಸ್ಥಾಪಿಸಿದವನೂ ಅವನೇ. ಅದಕ್ಕೂ ಮೊದಲು ಅವನ ಕಸುಬು ಟೋಪಿ ತಯಾರಿಕೆ. ನಗಬೇಡಿ, ಇದು ದಾಖಲೆಯಲ್ಲಿರುವ ಸಂಗತಿ. ಅದೇ ವರ್ಷದ ಆಗಸ್ಟ್‌ನಲ್ಲಿ ಕಲ್ಕತ್ತೆಯಲ್ಲಿ ಆಮಶಂಕೆಯಾಗಿ ತೀರಿಕೊಂಡ. ತೆರಿಗೆ ಹಾಕಿದವನು ಒಂದು ತಿಂಗಳೂ ಉಳಿಯಲಿಲ್ಲ, ತೆರಿಗೆ ಗಟ್ಟಿಮುಟ್ಟಾಗಿದೆ.

ಸಂಬಳದಾರರು ತುಂಬುವ ಒಂದನೇ ನಂಬರಿನ ರಿಟರ್ನ್ ಫಾರಂಗೆ ‘ಸಹಜ್’ ಎಂದು ಹೆಸರು. ಹೆಸರಿಟ್ಟವರು ತುಂಬಿ ನೋಡಿರಲಿಕ್ಕಿಲ್ಲ. ಮೊದಲ ಹೆಜ್ಜೆಯಲ್ಲೇ ವರ್ಷ ಕೇಳುತ್ತದೆ. 2024-25ರಲ್ಲಿ ದುಡಿದದ್ದಕ್ಕೆ 2025-26 ಎಂದು ಒತ್ತಬೇಕಿತ್ತು. ಒಂದು ದುಡಿದ ವರ್ಷ, ಇನ್ನೊಂದು ಅಸೆಸ್‌ಮೆಂಟ್ ವರ್ಷ. ಅರವತ್ತು ವರ್ಷ ಹೀಗೆ ಎರಡು ದೋಣಿಯಲ್ಲಿ ಕಾಲಿಡಿಸಿದ ಮೇಲೆ 2025ರ ಹೊಸ ಕಾಯಿದೆಯಲ್ಲಿ ಎರಡನ್ನೂ ಬಿಟ್ಟು ‘ಟ್ಯಾಕ್ಸ್ ಇಯರ್’ ಎಂಬ ಒಂದನ್ನೇ ಇಟ್ಟಿದ್ದಾರೆ. ಆಮೇಲೆ ಎಐಎಸ್ ಎಂಬ ವಾರ್ಷಿಕ ಮಾಹಿತಿ ಪಟ್ಟಿ ತೆರೆದು ನೋಡಬೇಕು. ಯಾವ ಬ್ಯಾಂಕಿನಲ್ಲಿ ಎಷ್ಟು ಬಡ್ಡಿ, ಯಾವ ಷೇರು ಮಾರಿದಿರಿ, ಯಾವ ಕಂಪನಿ ಎಷ್ಟು ಡಿವಿಡೆಂಡ್ ಕೊಟ್ಟಿತು, ಎಲ್ಲ ಅದರಲ್ಲಿದೆ. ರಸಾಯನಶಾಸ್ತ್ರದ ಮೇಷ್ಟ್ರ ಮನೆಯವರಿಗೆ ಗೊತ್ತಿಲ್ಲದ ಫಿಕ್ಸೆಡ್ ಡೆಪಾಸಿಟ್ಟೊಂದು ಮಗನ ಲ್ಯಾಪ್‌ಟಾಪಿನಲ್ಲಿ ಈ ಪಟ್ಟಿ ತೆರೆದಾಗಲೇ ಬೆಳಕಿಗೆ ಬಂದದ್ದು. ಭಾವಮೈದುನನಿಗೂ ಸುದ್ದಿ ಮುಟ್ಟಿತು.

ಸಲ್ಲಿಸಿದ ರಿಟರ್ನ್‌ಗಳು, ಕಾಶ್ಮೀರದವರದ್ದಿರಲಿ, ಅಂಡಮಾನಿನವರದ್ದಿರಲಿ, ಬಂದು ಸೇರುವುದು ನಮ್ಮ ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರಕ್ಕೆ. ಹಿಂದೆ ಹೆಚ್ಚಿನವರು ಐಟಿಆರ್-ವಿ ಹಾಳೆಗೆ ಸಹಿ ಹಾಕಿ ಎಲೆಕ್ಟ್ರಾನಿಕ್ ಸಿಟಿ ಅಂಚೆ ಕಚೇರಿಯ ವಿಳಾಸಕ್ಕೆ ಪೋಸ್ಟ್ ಮಾಡಬೇಕಾಗಿತ್ತು. ಅಲ್ಲೇ ಪಕ್ಕದ ರಸ್ತೆಯಲ್ಲಿದ್ದ ಗೆಳೆಯನೊಬ್ಬ ನಡೆದು ಹೋಗಿ ಕೊಟ್ಟು ಬರುತ್ತೇನೆಂದು ಹೊರಟಾಗ, ಅಂಚೆಯಲ್ಲೇ ಬರಬೇಕು ಎಂದು ನಾಲ್ಕು ಜನ ತಡೆದರು. ಅವನು ಡಬ್ಬಕ್ಕೆ ಹಾಕಿದ. ಅದು ಊರೆಲ್ಲ ಸುತ್ತಿ ಪಕ್ಕದ ರಸ್ತೆಗೆ ಬಂತು. ಈಗ ಆಧಾರ್ ಒಟಿಪಿ ಸಾಕು, ಆದರೆ 30 ದಿನದೊಳಗೆ. ಕೊನೆಗೆ ಇಲಾಖೆ ಹಾಕಿದ ಲೆಕ್ಕ ಮಿಂಚಂಚೆಯಲ್ಲಿ ಬೀಗ ಹಾಕಿದ ಕಡತವಾಗಿ ಬರುತ್ತದೆ. ಪ್ಯಾನ್ ನಂಬರನ್ನು ಚಿಕ್ಕಕ್ಷರದಲ್ಲಿ ಬರೆದು ಹುಟ್ಟಿದ ದಿನಾಂಕ ಸೇರಿಸಿದರೆ ತೆರೆಯುತ್ತದೆ. ಎಂಟನೇ ತರಗತಿ ಫಲಿತಾಂಶ ನೋಡುವಾಗಲೂ ನನ್ನ ಕೈ ಹಾಗೆ ನಡುಗಿರಲಿಲ್ಲ. ರಿಫಂಡ್ ನೂರು ರೂಪಾಯಿಗಿಂತ ಕಡಿಮೆಯಿದ್ದರೆ ಕೊಡುವುದಿಲ್ಲ. ಬಾಕಿಯೂ ನೂರಕ್ಕಿಂತ ಕಡಿಮೆಯಿದ್ದರೆ ವಸೂಲಿಗೆ ಬರುವುದಿಲ್ಲ. ಇಷ್ಟು ಸಮಬಾಳು ಇಲಾಖೆಯಲ್ಲಿ ಬೇರೆಲ್ಲೂ ನನಗೆ ಕಂಡಿಲ್ಲ.

ಈಗ ಹೂಡಿಕೆ ಘೋಷಣೆಯೆಂಬ ಈ ಸಾಹಿತ್ಯ ಪ್ರಕಾರಕ್ಕೇ ಕುತ್ತು ಬಂದಿದೆ. 2020ರ ಬಜೆಟ್ಟಿನಲ್ಲಿ ಹುಟ್ಟಿದ ಹೊಸ ತೆರಿಗೆ ಪದ್ಧತಿ 2023-24ರಿಂದ ತಾನಾಗಿಯೇ ಅನ್ವಯವಾಗುತ್ತದೆ. ಹಳೆಯದು ಬೇಕಾದವರು ಬಾಯಿಬಿಟ್ಟು ಕೇಳಬೇಕು. ಹೊಸದರಲ್ಲಿ 80ಸಿ ಇಲ್ಲ, ಬಾಡಿಗೆ ರಸೀದಿ ಇಲ್ಲ, ಏಜೆಂಟರ ಬಿಗುಮಾನವೂ ಇಲ್ಲ. 2025-26ರಿಂದ 12 ಲಕ್ಷದವರೆಗೆ, ಸಂಬಳದಾರರಿಗೆ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ 12.75 ಲಕ್ಷದವರೆಗೆ, ತೆರಿಗೆಯೇ ಬೀಳದಂತೆ ಮಾಡಿದ್ದಾರೆ. ಎಫ್‌ಡಿಎ ಮೇಡಂ ಈಗ ಹಾಳೆ ಕೊಡುವುದಿಲ್ಲ. ತಲೆ ಎತ್ತದೆ “ಹಳೇದಾ, ಹೊಸದಾ ಸರ್?” ಎನ್ನುತ್ತಾರೆ, ಚಿತ್ರಾನ್ನಕ್ಕೆ ಚಟ್ನಿ ಬೇಕಾ ಎಂದು ಕೇಳಿದ ಹಾಗೆ. ಭೂಗೋಳದ ಮೇಷ್ಟ್ರು ಹೊಸದು ಎಂದು ಹೇಳಿ ನಿರುದ್ಯೋಗಿ ಲೇಖಕರಂತೆ ನಿಂತಿದ್ದರು. ನಾನೂ ಹೊಸದೇ ಎಂದೆ. ಮನೆಗೆ ಬಂದು ಇನ್ನು ಬಾಡಿಗೆ ಇಲ್ಲ ಎಂದು ತಿಳಿಸಿದಾಗ ಅಪ್ಪ ಎರಡು ತಿಂಗಳ ನೋಟಿಸ್ ಕೇಳಿದರು.

ಒಂದು ಮಾತು ಮಾತ್ರ ಓದುಗರು ನೆನಪಿಟ್ಟುಕೊಳ್ಳಿ. ಮೇಡಂಗೆ ಹೊಸದು ಎಂದು ಹೇಳಿದ್ದೀರೆಂದು ಕಟ್ಟುಬೀಳಬೇಕಿಲ್ಲ. ವ್ಯಾಪಾರದ ಆದಾಯವಿಲ್ಲದ ಸಂಬಳದಾರರು ರಿಟರ್ನ್ ಸಲ್ಲಿಸುವಾಗ ಎರಡೂ ಲೆಕ್ಕ ಹಾಕಿ, ಕಡಿಮೆ ಬರುವುದನ್ನು ಆರಿಸಿಕೊಳ್ಳಬಹುದು. ಆದರೆ ಅದು ಗಡುವಿನೊಳಗೆ ಸಲ್ಲಿಸಿದರೆ ಮಾತ್ರ. ಗಡುವು ದಾಟಿದವರಿಗೆ ಹೊಸದೇ ಗತಿ, ಜೊತೆಗೆ 5,000 ರೂಪಾಯಿವರೆಗೆ ವಿಳಂಬ ಶುಲ್ಕ.