ಹಿಂದಿನ ಎಡಗಡೆ ಸ್ಪೀಕರ್

ಕಾರಿನ ಸ್ಟೀರಿಯೋ ಹೊಟ್ಟೆಯೊಳಗೆ ಕಂಪನಿಯವರು ಗುಟ್ಟಾಗಿ ಒಂದು ಪರೀಕ್ಷೆ ಅಡಗಿಸಿಟ್ಟಿರುತ್ತಾರೆ. ಕೆಲವು ಹೋಂಡಾ ಗಾಡಿಗಳಲ್ಲಿ 1 ಮತ್ತು 6ನೇ ಗುಂಡಿ ಒಟ್ಟಿಗೆ ಅದುಮಿಕೊಂಡು ಪವರ್ ಒತ್ತಬೇಕು. ಕೆಲವು ಟೊಯೊಟಾಗಳಲ್ಲಿ ಒಂದು ಗುಂಡಿ ಹಿಡಿದುಕೊಂಡೇ ಪಾರ್ಕಿಂಗ್ ದೀಪವನ್ನು ಮೂರು ಸಲ ಹಚ್ಚಿ ಆರಿಸಬೇಕು. ದೇವರಿಗೂ ಇಷ್ಟು ಮಡಿಯಿಲ್ಲ. ನಮ್ಮ ಗಾಡಿಯದೂ ದೀಪದ ಪೂಜೆಯೇ ಎಂದು ಗೊತ್ತಾದ ಮೇಲೆ ನನ್ನನ್ನು ಹಿಡಿಯುವವರೇ ಇರಲಿಲ್ಲ.

ನೆಪವೂ ಸಿಕ್ಕಿತು. ಹಿಂದಿನ ಸೀಟಿನ ಎಡಗಡೆ ಅಪ್ಪನ ಖಾಯಂ ಜಾಗ. ಅಲ್ಲಿ ಕೂತರೆ 103.5ರಲ್ಲಿ ಭದ್ರಾವತಿ ಆಕಾಶವಾಣಿ ಬರಲೇಬೇಕು. ‘ಈ ಕಡೆ ಸ್ಪೀಕರ್ ಹೋಗಿದೆ ಕಣೋ’ ಎಂದು ಶುರುಮಾಡಿದರು. ಕಡೂರಿನ ಅಂಗಡಿಯವನು ಬಾಗಿಲು ಬಿಚ್ಚದೆ, ವೈರ್ ಮುಟ್ಟದೆ, ‘ಸೆಟ್ಟೇ ಹೋಗಿದೆ, ಹೊಸದು ಹಾಕ್ಸಿ’ ಎಂದ. ತರೀಕೆರೆಯವನು ಸೆಟ್ಟಿನ ಜೊತೆಗೆ ನಾಲ್ಕೂ ಸ್ಪೀಕರಿಗೆ ಬೆಲೆ ಕಟ್ಟಿದ. ಇವರ ಕೈಗೆ ಡಾಕ್ಟರಿಕೆ ಸಿಕ್ಕಿದ್ದರೆ ನೆಗಡಿಗೆ ತಲೆಯನ್ನೇ ಬದಲಾಯಿಸುತ್ತಿದ್ದರು.

ಮುಸ್ಸಂಜೆ, ಅಜ್ಜಂಪುರದ ಅಮೃತಮಹಲ್ ತಳಿ ಕೇಂದ್ರದ ಆಚೆ ರಸ್ತೆ ಪಕ್ಕ ನಿಲ್ಲಿಸಿದೆ. ಎಡಗೈಯಲ್ಲಿ ಗುಂಡಿ, ಬಲಗೈಯಲ್ಲಿ ದೀಪದ ಕಡ್ಡಿ. ಕಡ್ಡಿ ಒಂದು ಸುತ್ತು ಹೆಚ್ಚಿಗೆ ತಿರುಗಿ ಹೆಡ್‌ಲೈಟೇ ಝಗ್ ಎಂದಿತು. ಎದುರಿಂದ ಬಂದ ಬೈಕಿನವನು ಗಕ್ಕನೆ ನಿಂತು, ಹ್ಯಾಂಡಲ್ಲಿಗೆ ನೇತುಹಾಕಿದ್ದ ಹೆಲ್ಮೆಟ್ ತಲೆಗೇರಿಸಿ, ಬಕಲ್ ಬಿಗಿದು, ‘ಥ್ಯಾಂಕ್ಸ್ ಸಾರ್, ಎಲ್ಲಿ ನಿಂತಿದಾರೆ?’ ಎಂದ. ‘ಯಾರು?’ ಎಂದೆ. ನನ್ನ ನಟನೆಗೆ ಮೆಚ್ಚಿ ಕಣ್ಣು ಹೊಡೆದು ಹೋದ. ಇನ್ನೊಂದು ಬೈಕಿನಲ್ಲಿ ಮೂವರು. ಒಬ್ಬ ಇಳಿದು, ತನಗೂ ಬೈಕಿಗೂ ಜನ್ಮದಲ್ಲಿ ಸಂಬಂಧವಿಲ್ಲವೆಂಬಂತೆ ನಡೆಯತೊಡಗಿದ. ಈರುಳ್ಳಿ ಲಾರಿಯವನು ತಾನೂ ದೀಪ ಮಿನುಗಿಸಿ ಕೃತಜ್ಞತೆ ಸಲ್ಲಿಸಿದ. ನಂಬರ್ ಪ್ಲೇಟಿಲ್ಲದ ಟ್ರ್ಯಾಕ್ಟರೊಂದು ಬಂದ ದಾರಿಗೇ ತಿರುಗಿಕೊಂಡಿತು. ಇಲ್ಲದ ಪೊಲೀಸರ ಹೆಸರಲ್ಲಿ ಇಡೀ ಹೋಬಳಿಗೆ ಸಂಚಾರ ಶಿಸ್ತು ತಂದೆನೆಂದು ನಾನು ಬೀಗುತ್ತಿರುವಾಗ ಪರದೆಯ ಮೇಲೆ ಮೆನು ತೆರೆದುಕೊಂಡಿತು.

ಸ್ಟೀರಿಂಗ್ ಸ್ವಿಚ್, ಮೈಕು, ಸ್ಪೀಕರ್. ಸ್ಪೀಕರ್ ಒತ್ತಿ, ‘ಸದ್ದು ಬಂದಾಗ ಬೆರಳೆತ್ತಪ್ಪ’ ಎಂದೆ. ಮುಂದಿನ ಎಡ: ಬೆರಳೆದ್ದಿತು. ಮುಂದಿನ ಬಲ: ಎದ್ದಿತು. ಹಿಂದಿನ ಬಲ: ಎದ್ದಿತು. ಹಿಂದಿನ ಎಡದಲ್ಲಿ ಸಣ್ಣಗೆ, ಚೊಕ್ಕವಾಗಿ ‘ಕುಂಯ್’ ಎಂದಿತು. ಮುಂದೆ ಕೂತ ನನಗೇ ಕೇಳಿಸಿತು.

‘ಯಾಕೋ ನಿಲ್ಲಿಸಿದೆ?’ ಎಂದರು ಅಪ್ಪ.

ನಗು ಅಲ್ಲಿಗೆ ನಿಂತಿತು. ಆಸ್ಪತ್ರೆಯ ಆಡಿಯೋಮೆಟ್ರಿಯಲ್ಲಿ ಮಾಡುವುದೂ ಹೆಚ್ಚುಕಡಿಮೆ ಇದನ್ನೇ: ಹೆಡ್‌ಫೋನ್ ಹಾಕಿ, ಒಂದೊಂದೇ ಕಿವಿಗೆ 250ರಿಂದ 8,000 ಹರ್ಟ್ಸ್‌ವರೆಗಿನ ಸ್ವರ ಬಿಟ್ಟು, ಕೇಳಿಸಿದಾಗ ಬೆರಳೆತ್ತಿ ಎನ್ನುತ್ತಾರೆ. ವಯಸ್ಸಿನಿಂದ ಬರುವ ಕಿವುಡು ಸಾಮಾನ್ಯವಾಗಿ ಎರಡೂ ಕಿವಿಗೆ ಒಟ್ಟಿಗೇ ಬರುತ್ತದೆ. ಒಂದೇ ಕಿವಿ ಹಿಂದೆ ಬಿದ್ದರೆ ಗುಗ್ಗೆ ಕಟ್ಟಿರಬಹುದು, ನರದ ತೊಂದರೆಯೂ ಇರಬಹುದು. ‘ವಯಸ್ಸಾಯ್ತಲ್ಲ’ ಎಂದು ಬಿಡುವಂತಿಲ್ಲ.

ನಿಮ್ಮ ಮನೆಯ ಹಿರಿಯರು ಸ್ಪೀಕರ್ ಹೋಗಿದೆ ಎಂದರೆ ಮೊದಲು ಸ್ಪೀಕರ್ ನೋಡಿ, ಆಮೇಲೆ ಕಿವಿ ತೋರಿಸಿ. ಅಂಗಡಿಗೆ ಹೋಗುವುದು ಕೊನೆಗೆ.