ಫ್ರಿಜ್ ಗೋತ್ರ, ಎಸಿ ಸೂತ್ರ

ಕರ್ನಾಟಕದಲ್ಲಿ ಜಾತಿ ಎಣಿಸುವುದು ಎಂಥ ಪಡಿಪಾಟಲಿನ ಕೆಲಸ ಎಂದು ಸರ್ಕಾರವನ್ನೇ ಕೇಳಬೇಕು. 2015ರಲ್ಲಿ ಮನೆ ಮನೆಗೆ ಹೋಗಿ ಬರೆದುಕೊಂಡರು. ವರದಿ ಸರ್ಕಾರದ ಕೈ ಸೇರಿದ್ದು 2024ರ ಫೆಬ್ರುವರಿಯಲ್ಲಿ. ಕೈ ಸೇರುವ ಹೊತ್ತಿಗೆ ಅದು ಹಳಸಿತ್ತು. ಹಾಗಾಗಿ 2025ರ ಸೆಪ್ಟೆಂಬರಿನಲ್ಲಿ ಮತ್ತೆ ಮೊದಲಿನಿಂದ ಎಣಿಕೆ. ಧರ್ಮದ ಕಾಲಂನಲ್ಲಿ ಏನು ಬರೆಸಬೇಕು, ಜಾತಿಯ ಕಾಲಂನಲ್ಲಿ ಏನು, ಉಪಜಾತಿಯಲ್ಲಿ ಏನು ಎಂದು ತಿಳಿಹೇಳಲು ಸಮಾವೇಶಗಳು, ಕರಪತ್ರಗಳು, ಸ್ವಾಮೀಜಿಗಳ ಹೇಳಿಕೆಗಳು. ಶಾಲೆಯ ಮೇಷ್ಟ್ರುಗಳು ದಸರಾ ರಜೆಯಲ್ಲಿ ಮೊಬೈಲ್ ಹಿಡಿದು, ನೆಟ್‌ವರ್ಕ್ ಸಿಗುವ ದಿಕ್ಕು ಹುಡುಕುತ್ತಾ ಬೀದಿ ಬೀದಿ ಅಲೆದರು.

ಅತ್ತ ಇನ್ನೊಂದು ಜಾತಿಗಣತಿ ಸದ್ದಿಲ್ಲದೆ ನಡೆದುಕೊಂಡು ಬಂದಿದೆ. ಅದಕ್ಕೆ ಪ್ರತಿಭಟನೆ ಇಲ್ಲ, ತಡೆಯಾಜ್ಞೆ ಇಲ್ಲ, ಯಾವ ಮಠದ ಆಕ್ಷೇಪವೂ ಇಲ್ಲ. ಜಾಹೀರಾತಿನವರೂ ಟಿವಿಯವರೂ ಮಾರುಕಟ್ಟೆ ಸಂಶೋಧಕರೂ ಸೇರಿ 2011ರಲ್ಲಿ ಒಪ್ಪಿಕೊಂಡ ಈ ಪದ್ಧತಿಯ ಹೆಸರು ಎನ್‌ಸಿಸಿಎಸ್. ಸರ್ಕಾರದ ಆ್ಯಪ್ 60 ಪ್ರಶ್ನೆ ಕೇಳಿದರೆ ಇವರದು ಎರಡೇ ಪ್ರಶ್ನೆ. ಮನೆಯ ಖರ್ಚು ತೂಗಿಸುವ ಮುಖ್ಯ ದುಡಿಮೆಗಾರ ಎಷ್ಟು ಓದಿದ್ದಾನೆ? ನಾವು ಹೇಳುವ 11 ವಸ್ತುಗಳಲ್ಲಿ ನಿಮ್ಮಲ್ಲಿ ಎಷ್ಟಿವೆ? ಇಷ್ಟಕ್ಕೆ ಉತ್ತರ ಕೊಟ್ಟರೆ ನಿಮ್ಮ ಕುಲ ತೀರ್ಮಾನವಾಯಿತು. ಎ1ರಿಂದ ಹಿಡಿದು ಇ3ರವರೆಗೆ ಒಟ್ಟು 12 ಮೆಟ್ಟಿಲು. ಪಾಪ, ಮನು ನಾಲ್ಕಕ್ಕೇ ಸುಸ್ತಾಗಿದ್ದ.

ಆ 11ರ ಪಟ್ಟಿ ಇದು: ಕರೆಂಟು, ಸೀಲಿಂಗ್ ಫ್ಯಾನು, ಗ್ಯಾಸ್ ಒಲೆ, ಎರಡು ಚಕ್ರದ ಗಾಡಿ, ಕಲರ್ ಟಿವಿ, ಫ್ರಿಜ್, ವಾಷಿಂಗ್ ಮೆಷಿನ್, ಕಂಪ್ಯೂಟರು, ಕಾರು, ಎಸಿ, ಕೊನೆಗೆ ಕೃಷಿ ಜಮೀನು. ಸಮಾನತೆ ಎಂದರೆ ಇದಪ್ಪಾ ಅನ್ನಿಸುವಂತೆ ಎಲ್ಲದಕ್ಕೂ ತಲಾ ಒಂದೇ ಅಂಕ. ತೀರ್ಥಹಳ್ಳಿ ಕಡೆ ಹತ್ತೆಕರೆ ಅಡಿಕೆ ತೋಟವಿದ್ದರೂ ಒಂದು. ನೆತ್ತಿಯ ಮೇಲೆ ಕಿರ್ರೋ ಎನ್ನುವ ಫ್ಯಾನಿದ್ದರೂ ಒಂದು. ದೇವನಹಳ್ಳಿ ಕಡೆಯ ಗೌಡರೊಬ್ಬರು ಹೊಲ ಮಾರಿ, ಬಂದ ದುಡ್ಡಲ್ಲಿ ಕಾರು, ಎಸಿ, ವಾಷಿಂಗ್ ಮೆಷಿನ್ ತಂದರು ಅನ್ನಿ. ಲೆಕ್ಕದಲ್ಲಿ ಒಂದು ಕಳೆಯಿತು, ಮೂರು ಕೂಡಿತು. ರಾಗಿ ಬೆಳೆಯುತ್ತಿದ್ದ ನೆಲ ಹೋಯಿತೆಂದು ನಾವು ಮರುಗುತ್ತೇವೆ. ಕೋಷ್ಟಕದಲ್ಲಿ ಅವರು ಮೇಲ್ಜಾತಿಗೆ ಬಡ್ತಿ ಪಡೆದಿರುತ್ತಾರೆ. ಪುಸ್ತಕದ ಬೀರು ಪಟ್ಟಿಯಲ್ಲಿಲ್ಲ. ಹಾಲು ಕರೆಯುವ ಎಮ್ಮೆ ಇಲ್ಲ. ಹೆಂಡತಿ ಪಿಎಚ್.ಡಿ. ಮಾಡಿದ್ದಾಳೆ ಎಂದು ಬೀಗಬೇಡಿ. ಖರ್ಚು ತೂಗಿಸುವವಳು ಅವಳಲ್ಲದಿದ್ದರೆ ಅದೂ ಲೆಕ್ಕಕ್ಕಿಲ್ಲ.

ಇದೆಲ್ಲ ಯಾಕೆ ಎಂದರೆ ನಿಮ್ಮನ್ನು ಮಾರಬೇಕಲ್ಲ, ಅದಕ್ಕೆ. ಚಾನೆಲ್ಲು ನಮಗೆ ಧಾರಾವಾಹಿ ಮಾರುತ್ತದೆ ಎಂದು ತಿಳಿದವರು ಅಮಾಯಕರು. ಅದು ಸೋಪಿನ ಕಂಪನಿಗೆ ನಮ್ಮನ್ನು ಮಾರುತ್ತದೆ, ಜಾತಿವಾರು ದರದಲ್ಲಿ. ಈ ಮಂದಿ ತಮ್ಮತಮ್ಮಲ್ಲಿ ಮಾತಾಡುವಾಗ ನಮ್ಮನ್ನು ‘ಟಿಜಿ’ ಅನ್ನುತ್ತಾರೆ, ಅಂದರೆ ಗುರಿಯಿಟ್ಟ ಗುಂಪು. ಸಂಜೆ ಏಳೂವರೆಗೆ ಹಾರ್ಮೋನಿಯಂ ಎಳೆದಂತೆ ಅಳುವ ಸೊಸೆ ಒಂದು ಗುಂಪಿಗೆ, ರಾತ್ರಿ ಒಂಬತ್ತಕ್ಕೆ ದೇಶ ಉಳಿಸುವ ಆ್ಯಂಕರು ಇನ್ನೊಂದು ಗುಂಪಿಗೆ.

ಹೀಗೆ ಗುಂಪು ವಿಂಗಡಿಸಿ ಟಿವಿ ಇಷ್ಟು ಶ್ರಮಪಟ್ಟು ಕಲಿಸಿದ್ದನ್ನು ವೀಕ್ಷಕ ಕಲಿಯುತ್ತಾನೆಯೇ ಎಂದು ಕೇಳಬಹುದು. ಕಲಿಯುತ್ತಾನೆ, ಆದರೆ ಏನನ್ನು ಕಲಿಯಬೇಕೆಂದು ಅವನೇ ಆರಿಸಿಕೊಳ್ಳುತ್ತಾನೆ. 1984ರ ಜುಲೈನಲ್ಲಿ ದೂರದರ್ಶನ ‘ಹಮ್ ಲೋಗ್’ ಶುರುಮಾಡಿತು. ಮೆಕ್ಸಿಕೋದಲ್ಲಿ ಮಿಗೆಲ್ ಸಾಬಿಡೋ ಎಂಬಾತ ಧಾರಾವಾಹಿಗಳ ಮೂಲಕ ಜನರಿಗೆ ಕುಟುಂಬ ಯೋಜನೆ ಹೇಳಿಕೊಟ್ಟಿದ್ದ. ನಮ್ಮ ದೇಶದ ದೊಡ್ಡವರು ಅಲ್ಲಿಂದ ಆ ವಿದ್ಯೆ ಕಲಿತು ಬಂದರು. ಮನೋಹರ ಶ್ಯಾಮ ಜೋಶಿಯವರಿಂದ ಕಥೆ ಬರೆಸಿದರು. ಪ್ರತಿ ಕಂತಿನ ಕೊನೆಗೆ ಅಶೋಕ್ ಕುಮಾರ್ ಬಂದು ನೀತಿ ಹೇಳುತ್ತಿದ್ದರು. ಗಂಡಿನ ಆಸೆಗೆ ಮಕ್ಕಳ ಮೇಲೆ ಮಕ್ಕಳಾದರೆ, ಹೆಂಗಸು ಬಾಯಿಮುಚ್ಚಿ ಸಹಿಸಿದರೆ ಮನೆ ಏನಾಗುತ್ತದೆ ನೋಡಿ ಎಂಬ ಪಾಠ. ಆ ಪಾಠಕ್ಕೆ ಪ್ರಾಯೋಜಕರಾಗಿ ಬಂದದ್ದು ಆಗಷ್ಟೇ ಅಂಗಡಿಗೆ ಕಾಲಿಟ್ಟಿದ್ದ ಮ್ಯಾಗಿ. ದೇಶದ ಜನಸಂಖ್ಯೆ ಮುಂದೆ ಎತ್ತ ಹೋಯಿತು, ಮ್ಯಾಗಿ ಎತ್ತ ಹೋಯಿತು ಎಂದು ನಾನು ಹೇಳಬೇಕಿಲ್ಲ. ಎರಡು ಮಕ್ಕಳು ಸಾಕು ಎಂಬುದು ತಲೆಗೆ ಹೋಯಿತೋ ಇಲ್ಲವೋ, ಎರಡು ನಿಮಿಷ ಸಾಕು ಎಂಬುದು ಮಾತ್ರ ಹೊಟ್ಟೆಗೆ ಇಳಿಯಿತು.

ಇದಕ್ಕಿಂತ ಚಂದದ್ದು ಭಾಗವಂತಿಯ ಕಥೆ. ಧಾರಾವಾಹಿಯ ತಾಯಿ ಅವಳು. ಬೈದರೂ ಸುಮ್ಮನಿರುವ, ಎಲ್ಲರೂ ಉಂಡ ಮೇಲೆ ಉಣ್ಣುವ ಹೆಂಗಸು. ಹೀಗಿರಬಾರದು ಎಂದು ತೋರಿಸಲೆಂದೇ ಕಟ್ಟಿದ ಪಾತ್ರ. ಆಮೇಲೆ ಸಂಶೋಧಕರು ಹೋಗಿ ವೀಕ್ಷಕರನ್ನು ವಿಚಾರಿಸಿದರೆ, ಎಷ್ಟೋ ಜನ, ಅದರಲ್ಲೂ ಹೆಂಗಸರು, ‘ಇದ್ದರೆ ಭಾಗವಂತಿಯ ಹಾಗಿರಬೇಕು’ ಅಂದರಂತೆ! ಸರ್ಕಾರ ತಲೆಯ ಮೇಲೆ ಕೈಹೊತ್ತು ಕೂತಿತು. ನಮ್ಮ ಧಾರಾವಾಹಿ ನಿರ್ಮಾಪಕರು ಮಾತ್ರ ಕೂರಲಿಲ್ಲ. ಅವರಿಗೆ ವಿಷಯ ತಟ್ಟನೆ ಹೊಳೆಯಿತು. ಅಂದಿನಿಂದ ಇಂದಿನವರೆಗೆ ಭಾಗವಂತಿಯೇ ನಾಯಕಿ. ಒಂದೇ ವ್ಯತ್ಯಾಸವೆಂದರೆ ಆಗ ಅವಳು ಇಕ್ಕಟ್ಟಾದ ಮನೆಯಲ್ಲಿ ಅಳುತ್ತಿದ್ದಳು, ಈಗ ಎರಡು ಕಡೆಯಿಂದ ಮೆಟ್ಟಿಲಿರುವ ಬಂಗಲೆಯಲ್ಲಿ, ರೇಷ್ಮೆ ಸೀರೆಯುಟ್ಟು, ಅಡುಗೆಮನೆಯಲ್ಲೂ ಡಾಬು ಕಟ್ಟಿಕೊಂಡು ಅಳುತ್ತಾಳೆ. ಎ1 ಕಣ್ಣೀರು.

ಆ ಬಂಗಲೆಯಿಂದ ನಮ್ಮ ಮನೆಗೆ ಇಳಿದು ಬಂದದ್ದು ಕಣ್ಣೀರಷ್ಟೇ ಅಲ್ಲ. ಮಂಡ್ಯದ ಮದುವೆಗಳಲ್ಲಿ ಈಗ ಮೆಹಂದಿ ಇದೆ, ಸಂಗೀತ್ ಇದೆ, ಗಂಡಿನ ಸೋದರಮಾವ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಪಂಜಾಬಿ ಹಾಡಿಗೆ ಭುಜ ಕುಣಿಸುವ ಕಾರ್ಯಕ್ರಮವಿದೆ. ಚಪ್ಪರದ ಶಾಸ್ತ್ರಕ್ಕೆ ಪುರೋಹಿತರು ಗಂಟೆ ನೋಡುತ್ತಿದ್ದರೆ ಡ್ರೋನಿನವನು ‘ಇನ್ನೊಂದ್ಸಲ ಬನ್ನಿ ಸಾರ್, ಸ್ಲೋ ಮೋಷನ್ ಸರಿಯಾಗಿ ಬರ್ಲಿಲ್ಲ’ ಅನ್ನುತ್ತಾನೆ. ದೈವಸಾಕ್ಷಿಗಿಂತ ಅವನ ಸಾಕ್ಷಿ ದೊಡ್ಡದು. ಮರುದಿನದ ಬೀಗರೂಟಕ್ಕೆ ಮಾತ್ರ ಯಾವ ಧಾರಾವಾಹಿಯೂ ಇದುವರೆಗೆ ಕೈಹಾಕುವ ಧೈರ್ಯ ಮಾಡಿಲ್ಲ. ಮುದ್ದೆ, ಮಟನ್ ಸಾರಿನ ಮುಂದೆ ಜಾಹೀರಾತು ಲೋಕದ ಬುದ್ಧಿವಂತರೂ ಶಸ್ತ್ರಸನ್ಯಾಸ ಮಾಡುತ್ತಾರೆ.

ಬಿಳಿ ಬಣ್ಣದ ಕ್ರೀಮಿನ ಪುರಾಣ ಎಲ್ಲರಿಗೂ ಗೊತ್ತಿರುವುದರಿಂದ ಬೇಗ ಮುಗಿಸುತ್ತೇನೆ. 1975ರಲ್ಲಿ ‘ಫೇರ್ ಅಂಡ್ ಲವ್ಲಿ’ ಬಂತು. ಕಪ್ಪಗಿರುವ ಹುಡುಗಿಗೆ ಗಂಡೂ ಸಿಗದು, ಕೆಲಸವೂ ಸಿಗದು ಎಂದು ಹತ್ತಾರು ವರ್ಷ ಮನೆಮನೆಗೆ ಬಂದು ಹೇಳಿತು. ಕಪ್ಪು ಮೈಯವರನ್ನು ಸೋತವರಂತೆ ತೋರಿಸಬೇಡಿ ಎಂದು ಜಾಹೀರಾತಿನವರದೇ ಸಂಸ್ಥೆ ನಿಯಮ ಬರೆದದ್ದು 2014ರಲ್ಲಿ. 2020ರಲ್ಲಿ ಹೆಸರಿನಿಂದ ‘ಫೇರ್’ ತೆಗೆದು ‘ಗ್ಲೋ’ ಹಾಕಿದರು. ಟ್ಯೂಬಿನ ಮೇಲಿಂದ ಹೋದ ಪದ ಭಾನುವಾರದ ವಧೂವರರ ಅಂಕಣದಲ್ಲಿ ಕ್ಷೇಮವಾಗಿದೆ. ಕೃಷ್ಣನನ್ನು ಪೂಜಿಸಿ, ಸೊಸೆಯನ್ನು ರುಕ್ಮಿಣಿಯ ಬಣ್ಣದಲ್ಲಿ ಹುಡುಕುವವರು ನಾವು.

ಇವೆಲ್ಲಕ್ಕಿಂತ ನನಗೆ ಪ್ರಿಯವಾದದ್ದು ನವರಾತ್ರಿಯ ಒಂಬತ್ತು ಬಣ್ಣ.

ಬೆಂಗಳೂರಿನ ಯಾವುದೇ ಬ್ಯಾಂಕು, ಶಾಲೆ, ಐಟಿ ಕಂಪನಿಗೆ ಆ ಒಂಬತ್ತು ದಿನ ಹೋಗಿ ನೋಡಿ. ಸೋಮವಾರ ಬಿಳಿ, ಮಂಗಳವಾರ ಕೆಂಪು, ಗುರುವಾರ ಹಳದಿ, ಶುಕ್ರವಾರ ಹಸಿರು. ಬಣ್ಣ ತಪ್ಪಿಸಿಕೊಂಡವರ ಗತಿ ಹೀಗಿರುತ್ತದೆ:

‘ಏನ್ರೀ ಮೇಡಂ, ಇವತ್ತು ಹಸಿರು ಅಲ್ವಾ?’

‘ಅಯ್ಯೋ, ಗ್ರೂಪಿನಲ್ಲಿ ಮೆಸೇಜ್ ನೋಡೇ ಇರ್ಲಿಲ್ಲ ಕಣ್ರೀ...’

‘ಪರ್ವಾಗಿಲ್ಲ ಬಿಡಿ, ಫೋಟೋದಲ್ಲಿ ಹಿಂದುಗಡೆ ನಿಂತ್ಕೊಳ್ಳಿ.’

ಮೈಲಿಗೆಗೆ ಇದಕ್ಕಿಂತ ಸೌಮ್ಯವಾದ ವಿಧಾನ ಇದ್ದಿರಲಾರದು. ಇಷ್ಟು ಕಟ್ಟುನಿಟ್ಟಿನ ಈ ಆಚರಣೆ ಯಾವ ಪುರಾಣದಲ್ಲಿದೆ, ಯಾವ ಆಗಮದಲ್ಲಿದೆ? ಪಟ್ಟಿಯಲ್ಲಿ ಶನಿವಾರಕ್ಕೆ ಬೂದು ಬಣ್ಣವಿದೆ. ಶನಿವಾರ ಬೂದು ಸೀರೆ ಉಟ್ಟು ದೇವಿಯ ಮುಂದೆ ನಿಲ್ಲು ಎಂದು ನಮ್ಮ ಅಜ್ಜಿಗೆ ಯಾರಾದರೂ ಹೇಳಿದ್ದರೆ, ಹೇಳಿದವರಿಗೆ ಶಾಂತಿ ಮಾಡಿಸುತ್ತಿದ್ದಳು. ನವರಾತ್ರಿಯೆಂದರೆ ಅವಳಿಗೆ ಗೊಂಬೆ ಕೂರಿಸುವುದು, ಪಟ್ಟದ ಗೊಂಬೆಗೆ ಸೀರೆ ಉಡಿಸುವುದು, ಸಂಜೆ ಬರುವ ಮಕ್ಕಳಿಗೆ ಬೊಂಬೆ ಬಾಗಿನ. ಗೊಂಬೆಗೆ ಯಾವ ಬಣ್ಣದ ಸೀರೆ ಎಂಬುದು ಪೆಟ್ಟಿಗೆಯಲ್ಲಿ ಯಾವ ಚೂರು ಉಳಿದಿದೆ ಎಂಬುದರ ಮೇಲೆ ತೀರ್ಮಾನವಾಗುತ್ತಿತ್ತು.

ಈ ಒಂಬತ್ತು ಬಣ್ಣ ಹಬ್ಬಿದ್ದು ಪತ್ರಿಕೆಯಿಂದ. ಮುಂಬೈಯ ಮರಾಠಿ ದಿನಪತ್ರಿಕೆ ಮಹಾರಾಷ್ಟ್ರ ಟೈಮ್ಸ್ 2000ದ ದಶಕದ ಆರಂಭದಲ್ಲಿ ದಿನಕ್ಕೊಂದು ಬಣ್ಣ ಹೇಳಿ, ಆ ಬಣ್ಣ ಉಟ್ಟು ತೆಗೆಸಿದ ಫೋಟೋ ಕಳಿಸಿದರೆ ಅಚ್ಚು ಹಾಕುತ್ತೇವೆ ಎಂದಿತು. ಲೋಕಲ್ ರೈಲಿನ ಹೆಂಗಸರ ಡಬ್ಬಿಗಳು ಒಂದೇ ಬಣ್ಣಕ್ಕೆ ತಿರುಗಿದವು. ಪತ್ರಿಕೆಗೆ ಓದುಗರು ಬೇಕಿತ್ತು, ಓದುಗರಿಗೆ ಪತ್ರಿಕೆಯಲ್ಲಿ ಮುಖ ಕಾಣಬೇಕಿತ್ತು. ತಪ್ಪೇನಿಲ್ಲ, ಒಳ್ಳೆಯ ವ್ಯಾಪಾರ. ತಮಾಷೆ ಆಮೇಲಿನದು. ಇಪ್ಪತ್ತು ವರ್ಷ ಕಳೆಯುವುದರೊಳಗೆ ಅದು ಗಡಿ ದಾಟಿ, ವಾಟ್ಸಾಪ್ ಏರಿ, ಬಣ್ಣಕ್ಕೊಂದು ದೇವಿ, ದೇವಿಗೊಂದು ಫಲ ಅಂಟಿಸಿಕೊಂಡು ಸನಾತನವಾಯಿತು. ಈಗ ಬೆಳಗ್ಗೆ ಟಿವಿಯ ಜ್ಯೋತಿಷಿಗಳು ಅದನ್ನು ಅಧಿಕೃತವಾಗಿ ಓದಿ ಹೇಳುತ್ತಾರೆ. ವೇದಕ್ಕೆ ಅಪೌರುಷೇಯ ಎನ್ನಿಸಿಕೊಳ್ಳಲು ಎಷ್ಟು ಕಾಲ ಹಿಡಿಯಿತೋ ಏನೋ, ಒಂದು ಮಾರ್ಕೆಟಿಂಗ್ ವಿಭಾಗಕ್ಕೆ ಎರಡು ದಶಕ ಸಾಕಾಯಿತು. ಹೆತ್ತಜ್ಜಿಯಿಂದ ಬಂದ ಸಂಪ್ರದಾಯವನ್ನು ಪ್ರಶ್ನಿಸಿ, ಜಗಳ ಆಡಿ, ಮನೆಬಿಟ್ಟು ಬೆಂಗಳೂರು ಸೇರಿದ ಎಷ್ಟೋ ಹೆಣ್ಣುಮಕ್ಕಳು ಪತ್ರಿಕಾ ಕಚೇರಿಯಿಂದ ಬಂದ ಸಂಪ್ರದಾಯಕ್ಕೆ ಬುಧವಾರದ ರಾಯಲ್ ಬ್ಲೂ ಕುರ್ತಾ ಆರ್ಡರ್ ಮಾಡುತ್ತಾರೆ. ಅದು ರಿಯಾಯಿತಿಯಲ್ಲೂ ಸಿಗುತ್ತದೆ, ಕಾಕತಾಳೀಯವಾಗಿ.

ಹೊಸ ಜಾತಿಯ ಸೊಗಸು ಇಲ್ಲಿದೆ. ಹಳೆಯ ಜಾತಿ ನಡೆಸಲು ಊರ ಗೌಡ ಬೇಕಿತ್ತು, ಪಂಚಾಯಿತಿ ಕಟ್ಟೆ ಬೇಕಿತ್ತು, ದಂಡ, ಬಹಿಷ್ಕಾರ ಬೇಕಿತ್ತು. ಇದನ್ನು ನಾವೇ ಸ್ವಂತ ಖರ್ಚಿನಲ್ಲಿ, ಸಂತೋಷದಿಂದ ನಡೆಸಿಕೊಡುತ್ತೇವೆ. ಗುರುವಾರ ಬಂದರೆ ಧಾರಾವಾಹಿಗಳ ಟಿಆರ್‌ಪಿ ಹೊರಬೀಳುತ್ತದೆ. ಅದು ಚಾನೆಲ್ಲು ಜಾಹೀರಾತಿನವರಿಗೆ ತೋರಿಸುವ ಚೀಟಿ, ‘ನೋಡಿ, ಈ ವಾರ ಇಷ್ಟು ಕುರಿ ಕೂಡಿಹಾಕಿದ್ದೇವೆ’ ಎಂಬ ಲೆಕ್ಕ. ಅದನ್ನು ಹಿಡಿದುಕೊಂಡು ಕುರಿಗಳೇ ಫೇಸ್‌ಬುಕ್ಕಿನಲ್ಲಿ ಪಟಾಕಿ ಹಚ್ಚುತ್ತವೆ: ‘ಈ ವಾರವೂ ನಮ್ಮ ಧಾರಾವಾಹಿಯೇ ನಂಬರ್ ಒನ್, ಉರ್ಕೊಳ್ಳೋರು ಉರ್ಕೊಳ್ಳಿ.’ ಯಾರೋ ನಿರ್ಮಾಪಕನ ಖಾತೆಗೆ ನೂರು ಕೋಟಿ ಬಿದ್ದರೆ ಇತ್ತ ಬಾಡಿಗೆ ಮನೆಯ ಅಭಿಮಾನಿ ಕೇಕ್ ಕತ್ತರಿಸುತ್ತಾನೆ.

ಮೇಲಿನವರು ಮಾತ್ರ ಎಚ್ಚರವಾಗಿದ್ದಾರೆ. ಕಂತಿನ ಸಾಲ ಸುಲಭವಾಗಿ, ಎಲ್ಲರ ಮನೆಗೂ ಫ್ರಿಜ್ಜು, ಬೈಕು ಬಂದು, ಎ ಗುಂಪು ತುಂಬಿ ತುಳುಕತೊಡಗಿತಲ್ಲ, ಆಗ ಸಂಶೋಧಕರು ಹೊಸ ಕೋಷ್ಟಕ ಬರೆದರು. ಅದರಲ್ಲಿ ವಸ್ತುಗಳಿಗೆ ಬೆಲೆಯಿಲ್ಲ. ದುಡಿಯುವವರ ಉದ್ಯೋಗ, ಮನೆಯ ಗಂಡು ಹೆಣ್ಣುಗಳ ಓದು ಮುಖ್ಯ. ಕೆಳಗಿನವರು ಗುಡಿಯ ಒಳಗೆ ಬಂದರೆಂದು ದೇವರನ್ನೇ ಬೇರೆ ಗುಡಿಗೆ ಸಾಗಿಸಿದ ಹಾಗಾಯಿತು. ಎಸಿಯ ಕಂತು ಇನ್ನೂ ಕಟ್ಟುತ್ತಿರುವವರಿಗೆ ನನ್ನ ಸಂತಾಪ.

ಇಷ್ಟೆಲ್ಲದರ ನಡುವೆ ನಾನು ಮನಸಾರೆ ಗೌರವಿಸುವ ವೀಕ್ಷಕರು ಒಬ್ಬಿಬ್ಬರಿದ್ದಾರೆ. 2020ರಲ್ಲಿ ದೇಶದ ಟಿವಿ ಇರುವ 21 ಕೋಟಿ ಮನೆಗಳ ರುಚಿಯನ್ನು ಸುಮಾರು 44,000 ಮನೆಗಳಲ್ಲಿ ಟಿಆರ್‌ಪಿ ಅಳೆಯಲು ಇಟ್ಟ ಮೀಟರುಗಳು ತೀರ್ಮಾನಿಸುತ್ತಿದ್ದವು. ಆ ವರ್ಷದ ಅಕ್ಟೋಬರಿನಲ್ಲಿ ಮುಂಬೈ ಪೊಲೀಸರು ಒಂದು ಆರೋಪ ಹೊರಿಸಿದರು: ಮೀಟರಿರುವ ಕೆಲವು ಮನೆಯವರಿಗೆ ತಿಂಗಳಿಗೆ ನಾನೂರು ಐನೂರು ರೂಪಾಯಿ ಕೊಟ್ಟು ಗೊತ್ತಾದ ಚಾನೆಲ್ ಹಾಕಿಡಲು ಹೇಳಿದ್ದರು, ಇಂಗ್ಲಿಷ್ ಬಾರದ ಮನೆಗಳಲ್ಲೂ ಇಂಗ್ಲಿಷ್ ಸುದ್ದಿ ಓಡುತ್ತಿತ್ತು ಎಂದು. ಸುದ್ದಿ ಚಾನೆಲ್ಲುಗಳ ರೇಟಿಂಗ್ ಒಂದೂವರೆ ವರ್ಷ ನಿಂತಿತು. ಚಾನೆಲ್ಲಿನವರು ಎಲ್ಲವನ್ನೂ ಅಲ್ಲಗಳೆದರು, 2024ರಲ್ಲಿ ಪ್ರಕರಣವನ್ನೇ ಹಿಂತೆಗೆದುಕೊಂಡದ್ದೂ ಆಯಿತು. ಆರೋಪ ಸುಳ್ಳೇ ಇರಲಿ, ಆ ಮನೆಯ ಚಿತ್ರ ನನ್ನ ತಲೆಯಿಂದ ಹೋಗುತ್ತಿಲ್ಲ. ಆ್ಯಂಕರು ದೇಶಕ್ಕೆ ಏನೋ ತಿಳಿಯಬೇಕಿದೆ ಎಂದು ಅರಚುತ್ತಿದ್ದಾನೆ, ಮನೆಯಾಕೆ ಒಂದಕ್ಷರ ಅರ್ಥವಾಗದೆ ನೆಮ್ಮದಿಯಾಗಿ ಸೊಪ್ಪು ಬಿಡಿಸುತ್ತಿದ್ದಾಳೆ, ತಿಂಗಳ ಕೊನೆಗೆ ಐನೂರು ರೂಪಾಯಿ ಎಣಿಸಿಕೊಳ್ಳುತ್ತಾಳೆ. ನಾವು ಕೇಬಲ್ಲಿಗೂ ನಾವೇ ದುಡ್ಡು ಕಟ್ಟಿ, ಎಲ್ಲ ಅರ್ಥಮಾಡಿಕೊಂಡು, ಅಳಿಯನ ಜೊತೆ ಜಗಳ ಬೇರೆ ಆಡಿರುತ್ತೇವೆ.