ದಾರದ ಲೆಕ್ಕ, ಟಿಕೆಟ್ಟಿನ ಲೆಕ್ಕ

"ಅಲ್ರೀ, ಶಿವಮೊಗ್ಗದಿಂದ ಬೆಂಗಳೂರಿಗೆ ಆಕಾಶದಲ್ಲಿ ಹೆಚ್ಚುಕಮ್ಮಿ 240 ಕಿಲೋಮೀಟರ್. ವಿಮಾನ ಗಂಟೆಗೆ 500 ಓಡುತ್ತೆ. ಅರ್ಧ ಗಂಟೆ ಸಾಕಲ್ಲ? ಟಿಕೆಟ್‌ನಲ್ಲಿ ಒಂದು ಗಂಟೆ ಯಾಕೆ ಬರೀತಾರೆ?"

ಬೇಲಿಯಾಚೆ ದಾಸವಾಳಕ್ಕೆ ನೀರು ಹಾಕುತ್ತಿದ್ದ ಮೇಷ್ಟ್ರ ಪ್ರಶ್ನೆ. ಗಣಿತ ಹೇಳಿ ನಿವೃತ್ತರಾದವರು. ಭಾಗಾಕಾರ ಕೂಡಿಬರದಿದ್ದರೆ ಅವರಿಗೆ ರಾತ್ರಿ ನಿದ್ದೆ ಹತ್ತುವುದಿಲ್ಲ.

"ಅದು ಭೂಪಟದ ಮೇಲೆ ದಾರ ಹಿಡಿದ ಲೆಕ್ಕ ಮೇಷ್ಟ್ರೇ. ಟಿಕೆಟ್ಟಿನ ಗಡಿಯಾರ ವಿಮಾನ ನಿಂತ ಜಾಗದಿಂದ ಅಲುಗಿದ ಗಳಿಗೆಗೇ ಶುರು. ಅಲ್ಲಿ ಹೋಗಿ ಇನ್ನೊಂದು ಜಾಗದಲ್ಲಿ ಪೂರ್ತಿ ನಿಲ್ಲೋವರೆಗೂ ಓಡುತ್ತೆ. ನೆಲದ ಮೇಲೆ ಉರುಳಾಡಿದ್ದೂ ಪ್ರಯಾಣವೇ."

ಇನ್ನು ಆ 500ರ ವೇಗ. 2023ರ ಫೆಬ್ರವರಿಯಲ್ಲಿ ನಮ್ಮ ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದ ಉದ್ಘಾಟನೆಯಾಗಿ, ಆಗಸ್ಟ್ 31ರಂದು ಮೊದಲ ಪ್ರಯಾಣಿಕರ ವಿಮಾನ ಬಂದಿಳಿಯಿತಲ್ಲ, ಅದು ಎಟಿಆರ್. ರೆಕ್ಕೆಗೊಂದರಂತೆ ಪಂಖ ಇರುವ ಜಾತಿ. ಮೇಲೇರಿ ಸಮನಾದ ಮೇಲಷ್ಟೇ ಅದಕ್ಕೆ ಆ ವೇಗ. ಇಷ್ಟು ಸಣ್ಣ ದಾರಿಯಲ್ಲಿ ಏರುವುದು ಮುಗಿಯಿತು ಅನ್ನುವಷ್ಟರಲ್ಲಿ ಇಳಿಯಲು ಶುರು ಮಾಡಬೇಕು.

"ಮಳೆಗಾಲದಲ್ಲಿ ಪಶ್ಚಿಮದ ಗಾಳಿ ಬೆನ್ನಿಗಿರುತ್ತಲ್ಲ, ಅದರ ಲಾಭ?" ಮೇಷ್ಟ್ರು ಬಿಡಲಿಲ್ಲ.

ಮಜಾ ಇರುವುದೇ ಇಲ್ಲಿ. ವಿಮಾನ ಇಳಿಯುವುದು ಗಾಳಿಗೆ ಮುಖ ಮಾಡಿ. ಬೆಂಗಳೂರಿನ ವಿಮಾನ ನಿಲ್ದಾಣವಿರುವ ದೇವನಹಳ್ಳಿಯಲ್ಲಿ ರನ್‌ವೇಗಳು ಪೂರ್ವ-ಪಶ್ಚಿಮ. ಗಾಳಿ ಪಶ್ಚಿಮದ್ದಾದರೆ ಪೂರ್ವದ ಕಡೆಯಿಂದ ಇಳಿಯಬೇಕು. ಹಾಗಾಗಿ ನಮ್ಮೂರಿನಿಂದ ಹೊರಟ ವಿಮಾನ ನಿಲ್ದಾಣವನ್ನು ದಾಟಿ, ಕೋಲಾರದ ದಿಕ್ಕಿಗೆ ಒಂದಿಷ್ಟು ಸಾಗಿ, ಹೊರಳಿ ಬರುತ್ತದೆ. ಗಾಳಿ ಒಂದು ಕೈಯಲ್ಲಿ ಕೊಟ್ಟ ನಿಮಿಷಗಳನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಿತು! ಮುಂದೆ ಸಾಲಿನಲ್ಲಿ ನಾಲ್ಕು ವಿಮಾನ ಇದ್ದರಂತೂ ಹೊಸಕೋಟೆ ಕೆರೆಯ ಪ್ರದಕ್ಷಿಣೆಯೂ ಆದೀತು.

ಗಾಳಿಯ ಲಾಭ ನಿಜಕ್ಕೂ ಕೈಗೆ ಸಿಗುವ, ನಮ್ಮದಕ್ಕಿಂತಲೂ ಸಣ್ಣ ದಾರಿ ಬೇರೆಡೆ ಇದೆ. ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ ಬರೀ 2.7 ಕಿ.ಮೀ. ವಿಮಾನಯಾನವಿದೆ. ವೇಳಾಪಟ್ಟಿಯಲ್ಲಿ ಎರಡು ನಿಮಿಷ. ಗಾಳಿ ಒಲಿದ ದಿನ 53 ಸೆಕೆಂಡಿನಲ್ಲೂ ತಲುಪಿದ್ದುಂಟು. ಇದನ್ನು ಹೇಳಿದ್ದಕ್ಕೆ ಮೇಷ್ಟ್ರು, "ಅಷ್ಟಕ್ಕೆ ನಾನಾದ್ರೆ ಸೈಕಲ್ ತೆಗೀತಿದ್ದೆ" ಅಂದರು. ನಡುವೆ ಸಮುದ್ರವಿದೆ ಎಂದು ನೆನಪಿಸಬೇಕಾಯಿತು.

"ಸರಿ ಮಾರಾಯ್ರೆ, ಮಗಳ ಮನೆಗೆ ಯಾವುದ್ರಲ್ಲಿ ಹೋಗ್ಲಿ ಹೇಳಿ."

ನನ್ನ ತೀರ್ಪು ಸಿದ್ಧವಿತ್ತು. ಮನೆ ಯಲಹಂಕವಾದರೆ ವಿಮಾನ; ಕೆಂಗೇರಿಯಾದರೆ ಮುಂಜಾನೆಯ ಜನಶತಾಬ್ದಿ. ಸೋಗಾನೆಗೆ ಹೋಗುವುದು, ತಪಾಸಣೆಗೆ ಮುಂಚೆಯೇ ನಿಲ್ಲುವುದು, ದೇವನಹಳ್ಳಿಯಿಂದ ಊರೊಳಗೆ ನುಸುಳುವುದು ಎಲ್ಲ ಕೂಡಿಸಿದರೆ, ಅಷ್ಟು ಹೊತ್ತಿಗೆ ರೈಲು ಅರಸೀಕೆರೆ, ತುಮಕೂರು ದಾಟಿರುತ್ತದೆ. ಮೇಲಾಗಿ ರೈಲಿನಲ್ಲಿ ಕಾಲು ಚಾಚಬಹುದು.

"ಕೆಂಗೇರಿನೂ ಅಲ್ಲ, ಯಲಹಂಕನೂ ಅಲ್ಲ, ವೈಟ್‌ಫೀಲ್ಡು," ಎಂದು ಹಿತ್ತಿಲ ಬಾಗಿಲಲ್ಲಿ ಅವರ ಮನೆಯವರ ದನಿ. "ಅಪ್ಪೆಮಿಡಿ ಉಪ್ಪಿನಕಾಯಿ ಭರಣಿ ಕೈಯಲ್ಲಿ ಹಿಡ್ಕೊಂಡು ಹೋಗೋಕೆ ಬಿಡ್ತಾರಾ, ಅದು ಹೇಳಿ ಮೊದ್ಲು."

"ಕೈಚೀಲದಲ್ಲಿ ಬಿಡೋಲ್ಲ ಅಮ್ಮ. ಭದ್ರವಾಗಿ ಕಟ್ಟಿ, ಅವರ ಕೈಗೆ ಒಪ್ಪಿಸೋ ಪೆಟ್ಟಿಗೇಲಿ ಇಡಬೇಕು."

ಮೇಷ್ಟ್ರು ಕೊಳವೆ ಕೆಳಗಿಟ್ಟರು. "ಇಳಿದ ಮೇಲೆ ಆ ಪೆಟ್ಟಿಗೆ ಬರೋ ತನಕ ನಿಂತು ಕಾಯ್ತೀವಲ್ಲ, ಅದು ಯಾರ ಲೆಕ್ಕಕ್ಕೆ?"